ಕಟ್ಟೆ ಬಿಡಲಿಲ್ಲ, ತಪಕೀರು ಬಿಟ್ಟೆ

ಲಕ್ಷ್ಮೇಶ್ವರಕ್ಕೆ ಬಂದ ಮೊದಲ ವಾರ. ಸಾಮಾನಿನ ಗಂಟುಗಳನ್ನು ಇನ್ನೂ ಪೂರ್ತಿ ಬಿಚ್ಚಿರಲಿಲ್ಲ. ಗುರುತು ಪರಿಚಯವಿಲ್ಲದ ಹೆಂಗಸೊಬ್ಬಳು ನೇರ ನಮ್ಮ ಪಡಸಾಲೆಗೆ ನಡೆದು ಬಂದಳು. ತೋರುಬೆರಳಿನ ತುದಿಯಲ್ಲಿದ್ದ ಒಂದು ಚಿಟಿಕೆ ಕಂದು ಪುಡಿಯನ್ನು ನನ್ನ ತುಟಿಯ ಮುಂದೆ ಹಿಡಿದು, “ಬಾಯಿ ತಗೀ” ಎಂದಳು.

ಮೂಲ್ಕಿಯಲ್ಲಿ ಪಕ್ಕದ ಮನೆಯವರು ಕೂಡ ಗೇಟಿನಾಚೆ ನಿಂತು ಎರಡು ಸಲ ಕರೆದು, ನಾವು ಹೊರಗೆ ಬಂದ ಮೇಲೆಯೇ ಅಂಗಳಕ್ಕೆ ಕಾಲಿಡುವುದು. ಇಲ್ಲಿ ಹೆಸರು ಕೇಳುವ ಮೊದಲೇ ಬಾಯಿ ತೆಗೆಸುತ್ತಾರೆ. ನಾನು ತೆಗೆದೆ. ಯಾಕೆ ತೆಗೆದೆ ಎಂದು ಕೇಳಬೇಡಿ, ಆ ದನಿಗೆ ತೆಗೆಯದೆ ಇರುವವರು ಯಾರೂ ಇಲ್ಲ. ಹಲ್ಲುಪುಡಿ ಇರಬೇಕು ಎಂದುಕೊಂಡೆ. ಮಗುವಿಗೆ ಔಷಧ ಹಚ್ಚುವಂತೆ ಅವಳೇ ನನ್ನ ವಸಡಿಗೆ ಅದನ್ನು ತಿಕ್ಕಿದಳು. ಸ್ವಲ್ಪ ಹೊತ್ತಿಗೆ ಮಾಳಿಗೆಯ ತೊಲೆಗಳೆಲ್ಲ ಗರಗರ ತಿರುಗತೊಡಗಿದವು. ನಾನು ಅಲ್ಲೇ ನೆಲದ ಮೇಲೆ ಕುಸಿದು ಕೂತೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಇನ್ನಿಬ್ಬರು ಹೆಂಗಸರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಅದರ ಹೆಸರು ತಪಕೀರು. ನಮ್ಮ ಕಡೆ ಮುದುಕರು ಮೂಗಿಗೆ ಏರಿಸುವ ನಶ್ಯ ನೋಡಿದ್ದೀರಲ್ಲ, ಅದೇ ಹೊಗೆಸೊಪ್ಪಿನ ಪುಡಿ. ಇಲ್ಲಿ ಹೆಂಗಸರು ಅದನ್ನು ವಸಡಿಗೆ ತಿಕ್ಕಿ, ಬಾಯಿ ಮುಚ್ಚಿಕೊಂಡು ಕೆಲಸ ಮಾಡುತ್ತಾರೆ. ತಿಕ್ಕಿದವಳು ಎದುರು ಮನೆಯ ಖೈರೂನಬಿ. ಗಂಡನಿಗೆ ತಗಡಿನ ಡಬ್ಬಿ, ಕೊಡ ಬೆಸೆಯುವ ಕೆಲಸ, ಈಕೆಗೆ ಕೌದಿ ಹೊಲಿಯುವ ಕೆಲಸ. ಹಳೆಯ ಸೀರೆ, ಅಂಗಿ, ಲುಂಗಿಗಳ ತುಂಡು ಜೋಡಿಸಿ ಹೊಲಿಯುವ ದಪ್ಪ ಹೊದಿಕೆಗೆ ಇಲ್ಲಿ ಕೌದಿ ಎನ್ನುತ್ತಾರೆ. ಓಣಿಯವರೆಲ್ಲ ಆಕೆಯನ್ನು ಆಪಾ ಎಂದು ಕರೆಯುತ್ತಾರೆ, ಅಕ್ಕ ಎಂದರ್ಥ. ನಾನೂ ಹಾಗೇ ಕರೆಯತೊಡಗಿದೆ.

ನಾವು ಇಲ್ಲಿಗೆ ಬಂದದ್ದು ನನ್ನ ಗಂಡ ಜಯಾನಂದರ ಕೆಲಸದಿಂದ. ಬಿತ್ತನೆ ಬೀಜದ ಗೋದಾಮು ನೋಡಿಕೊಳ್ಳುವವರು. ಒಂದು ದಿನ ಶಿರಹಟ್ಟಿ, ಮರುದಿನ ಮುಂಡರಗಿ ಎಂದು ಬೆಳಿಗ್ಗೆ ಹೋದರೆ ಸಂಜೆಗೇ ಮುಖ ಕಾಣುವುದು. ನಮಗೆ ಮಕ್ಕಳಿಲ್ಲ. ನಾನು, ನಾಲ್ಕು ಗೋಡೆ, ಕಿಟಕಿಯಿಂದ ಬಂದು ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನಕ್ಕೆ ಮತ್ತೆ ಕೂತಿರುವ ಧೂಳು. ಮೂಲ್ಕಿಯಲ್ಲಿ ಬಟ್ಟೆ ಒಣಗುವುದಿಲ್ಲವೆಂದು ಅಳುತ್ತಿದ್ದವಳು ಇಲ್ಲಿ ತುಟಿ ಒಡೆಯುತ್ತದೆಂದು ಅತ್ತೆ. ನಲ್ಲಿಯಲ್ಲಿ ನೀರು ಬರುವ ದಿನ ಹಬ್ಬ, ಬಾರದ ದಿನಗಳೇ ಹೆಚ್ಚು. ಕುಚ್ಚಲಕ್ಕಿ ಕೇಳಿದರೆ ಅಂಗಡಿಯವನು, ಅದು ಯಾವ ರೋಗಕ್ಕೆ ಎಂದು ಕೇಳಿದ.

ಮಾತಿನದು ಇನ್ನೊಂದು ಫಜೀತಿ. ಮನೆಯಲ್ಲಿ ತುಳು ಆಡಿ, ಶಾಲೆಯಲ್ಲಿ ಪುಸ್ತಕದ ಕನ್ನಡ ಕಲಿತವಳು ನಾನು. “ತಾವು ಊಟ ಮಾಡಿದಿರಾ?” ಎಂದು ಕೇಳಿದರೆ ಓಣಿಯ ಹೆಂಗಸರು ರೇಡಿಯೋ ಹಚ್ಚಿದಂಗ ಮಾತಾಡ್ತಾಳ ಎಂದು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಲಿಲ್ಲಿ ಎಂಬ ಹೆಸರು ಅವರ ಬಾಯಲ್ಲಿ ಲಿಲ್ಲವ್ವ ಆಯಿತು. ರೊಟ್ಟಿ ಬಡಿಯುವುದನ್ನು ಕಲಿಸಿದವಳು ಅದೇ ಓಣಿಯ ನೀಲವ್ವ. ಅವರದು ಅಡರಕಟ್ಟಿಯಲ್ಲಿ ಹೊಲವಿರುವ ಮನೆತನ. ನನ್ನ ರೊಟ್ಟಿಗಳು ಎಷ್ಟೋ ದಿನ ದಂಡೆ ಹರಿದುಕೊಂಡೇ ಇದ್ದವು. ಕೊನೆಗೊಂದು ದಿನ ದುಂಡಗಿನ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಾಗ ನೀಲವ್ವ ಅದನ್ನು ಎತ್ತಿ ಬೆಳಕಿಗೆ ಹಿಡಿದು, “ಪಾಸಾತು ಹುಡಿಗಿ” ಎಂದಳು. ಶಾಲೆಯ ಯಾವ ಪರೀಕ್ಷೆಯೂ ನನಗೆ ಅಷ್ಟು ಸಂತೋಷ ಕೊಟ್ಟಿರಲಿಲ್ಲ.

ಈ ಸಂತೋಷವೆಲ್ಲ ಸಿಕ್ಕಿದ್ದು ಆಪಾನ ಮನೆಯ ಮುಂದಿನ ಕಟ್ಟೆಯಲ್ಲಿ. ಬೇವಿನ ಮರದ ನೆರಳು, ಕೆಳಗೆ ಕಲ್ಲಿನ ಕಟ್ಟೆ. ಮಧ್ಯಾಹ್ನದ ಊಟವಾದ ಮೇಲೆ ಕೌದಿ ಹಾಸಿಕೊಂಡು ನಾಲ್ಕು ಮೂಲೆಗೆ ನಾಲ್ವರು ಕೂರುವುದು, ಎಲ್ಲರೂ ನಡುವಿನ ಕಡೆಗೆ ಹೊಲಿಯುತ್ತ ಬರುವುದು. ಒಂದು ಮೂಲೆ ಆಪಾನದು, ಒಂದು ನೀಲವ್ವನದು, ಒಂದು ನೀಲವ್ವನ ನೆಗೆಣ್ಣಿಯದು, ಅಂದರೆ ಓರಗಿತ್ತಿಯದು. ನಾಲ್ಕನೆಯದು ನನಗೆ ಸಿಕ್ಕಿತು. ಯಾರ ಮೂಲೆಗೆ ಯಾರೂ ಸೂಜಿ ಹಾಕುವಂತಿಲ್ಲ. ತಪಕೀರಿನ ಡಬ್ಬಿ ಮಾತ್ರ ಎಲ್ಲರದು, ಕೈಯಿಂದ ಕೈಗೆ ಸುತ್ತುತ್ತಿತ್ತು. ಒಬ್ಬರು ಹಿಡಿದ ಡಬ್ಬಿಯಿಂದ ಇನ್ನೊಬ್ಬರು ಚಿಟಿಕೆ ತೆಗೆದುಕೊಂಡರೆ ನಮ್ಮ ನಡುವೆ ಏನೂ ಮನಸ್ತಾಪವಿಲ್ಲ ಎಂದು ಲೆಕ್ಕ. ಬೇಡವೆಂದರೆ ಜಗಳ ಶುರು ಎಂದು ಲೆಕ್ಕ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ನಾನೂ ತೆಗೆದುಕೊಂಡೆ, ದಿನವೂ ತೆಗೆದುಕೊಂಡೆ.

ಮೂಲ್ಕಿಯ ನನ್ನವರೇ, ಮೂಗು ಮುರಿಯಬೇಡಿ. ನಮ್ಮ ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳಿದ ಲಿಲ್ಲಿ ಟೀಚರೇ ಇವಳು ಎಂದು ಕೆನ್ನೆ ಬಡಿದುಕೊಳ್ಳಲೂ ಬೇಡಿ. ಆ ಡಬ್ಬಿ ನನಗೆ ಈ ಊರಲ್ಲಿ ಸಿಕ್ಕ ಮೊದಲ ಸ್ನೇಹ. ಅದಿಲ್ಲದಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಆದರೆ ಸ್ನೇಹವೆಂದು ಒಳಗೆ ಬಿಟ್ಟುಕೊಂಡ ಪುಡಿ ಮೆಲ್ಲಗೆ ಮನೆಯೊಡತಿಯಾಗಿ ಕೂತಿತು. ಕಟ್ಟೆಯಲ್ಲಿ ಮಾತ್ರ ಎಂದಿದ್ದದ್ದು ಒಲೆಯ ಮುಂದೆಯೂ ಬೇಕಾಯಿತು. ಎದ್ದ ತಕ್ಷಣ ಬೇಕಾಯಿತು. ನನ್ನದೇ ಒಂದು ಸಣ್ಣ ಡಬ್ಬಿ ಕೊಂಡೆ. ಭಾನುವಾರ ಅದು ಗೀತೆಯ ಪುಸ್ತಕದ ಜೊತೆ ಚೀಲದಲ್ಲಿ ಬರುತ್ತಿತ್ತು.

ಆರಾಧನೆಗೆ ನಾವು ಹೋಗುವುದು ಬೆಟಗೇರಿಗೆ. ಲಕ್ಷ್ಮೇಶ್ವರದಿಂದ ಬಸ್ಸು ಹತ್ತಿ, ಮಾಗಡಿ ಕೆರೆ ದಾಟಿ, ಗದಗಿನಲ್ಲಿ ಇಳಿದು ಮತ್ತೆ ಆಟೋ. ಮೂಲ್ಕಿಯಲ್ಲಿ ದೇವಾಲಯದ ಗಂಟೆ ಕೇಳಿದ ಮೇಲೆ ಸೀರೆ ಉಟ್ಟರೂ ಸಮಯಕ್ಕೆ ತಲುಪುತ್ತಿದ್ದೆ. ಇಲ್ಲಿ ಅಷ್ಟು ದೂರ ಹೋಗಿ, ಪ್ರಸಂಗದ ನಡುವೆ ಬಾಯಿ ಒಣಗಿ, ಕೈ ಚಡಪಡಿಸಿ, ನೀರು ಕುಡಿಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ತಿಕ್ಕಿಕೊಂಡು, ಬಾಯಿ ತೊಳೆದು ಬಂದು ಕೂರುತ್ತಿದ್ದೆ. ಯಾರಿಗೂ ತಿಳಿಯುತ್ತಿರಲಿಲ್ಲ, ಅಥವಾ ತಿಳಿದೂ ಸುಮ್ಮನಿದ್ದರು.

ಒಂದು ಭಾನುವಾರ ಕರ್ತನ ಭೋಜನವಿತ್ತು. ನಾನು ಎಂದಿನಂತೆ ಹಿತ್ತಲಿಗೆ ಹೋಗಿ ತಿಕ್ಕಿಕೊಂಡೆ. ಬಾಯಿ ತೊಳೆಯಲು ನಲ್ಲಿ ತಿರುಗಿಸಿದರೆ ಒಂದು ಹನಿಯೂ ಇಲ್ಲ. ಪಕ್ಕದ ಬ್ಯಾರಲ್ಲೂ ಖಾಲಿ. ಒಳಗೆ ಜನ ಒಬ್ಬೊಬ್ಬರಾಗಿ ರೊಟ್ಟಿ, ದ್ರಾಕ್ಷಾರಸಕ್ಕೆ ಎದ್ದು ಹೋಗುತ್ತಿದ್ದಾರೆ. ಉಗುಳಿದರೂ ಸೆರಗಿನಿಂದ ಒರೆಸಿದರೂ ಆ ಘಾಟು ಹೋಗಲಿಲ್ಲ. ಒಳಗೆ ಬಂದು ಹಿಂದಿನ ಸಾಲಿನಲ್ಲಿ ಕೂತೆ. ಗಂಡ ತಿರುಗಿ ನೋಡಿದರು. ನಾನು ಏಳಲಿಲ್ಲ. ಹುಡುಗಿಯಾಗಿದ್ದಾಗಿನಿಂದ ಯಾವ ಜ್ವರಕ್ಕೂ ತಪ್ಪಿಸದಿದ್ದ ಕರ್ತನ ಮೇಜಿನಿಂದ ನನ್ನನ್ನು ಹಿಂದೆ ಕೂರಿಸಿದ್ದು ಒಂದು ಚಿಟಿಕೆ ಪುಡಿ.

ಆಗ ನನಗೆ ಬಂದದ್ದು ಅಳುವಲ್ಲ, ಸಿಟ್ಟು. ನೆತ್ತಿಗೇರುವ ಸಿಟ್ಟು. ನೀನು ಯಾರು ನನ್ನನ್ನು ಕೂರಿಸಲು? ಎಲ್ಲವನ್ನೂ ಮಾಡಲು ನನಗೆ ಅಪ್ಪಣೆ ಇರಬಹುದು, ಆದರೆ ನಾನು ಯಾವುದರ ಕೈಕೆಳಗೂ ಇರಲಾರೆ ಎಂಬ ಅರ್ಥದ ಮಾತು ಪೌಲನ ಪತ್ರದಲ್ಲಿ ಬರುತ್ತದಲ್ಲ, ಅದನ್ನು ಮಕ್ಕಳಿಗೆ ಎಷ್ಟು ಸಲ ಬಾಯಿಪಾಠ ಮಾಡಿಸಿದ್ದೆನೋ. ಅಂದು ಅದು ನನ್ನ ಮುಖಕ್ಕೇ ಹೊಡೆಯಿತು. ಬಸ್ಸು ಮಾಗಡಿ ದಾಟುವಾಗ ನನ್ನ ಡಬ್ಬಿಯನ್ನು ಕಿಟಕಿಯಿಂದ ಎಸೆದೆ. ನನಗೆ ಚಳಿಗಾಲಕ್ಕೆ ಆ ಕೆರೆಗೆ ಬಂದಿಳಿಯುವ ಹಕ್ಕಿಗಳ ನೆನಪಾಗಿ, ಅವು ತಿಂದಾವೆಂದು ಹೆದರಿಕೆಯೂ ಆಯಿತು. ದೂರದೇಶದ ಆ ಹಕ್ಕಿಗಳಿಗೆ ನನ್ನನ್ನು ಹೋಲಿಸಿ ಗೆಳತಿಯೊಬ್ಬಳು ಕಳಿಸಿದ ಸಂದೇಶಕ್ಕೆ ಹಿಂದೊಮ್ಮೆ ಉತ್ತರಿಸಿದ್ದೆ: ಅವು ಚಳಿ ಮುಗಿದೊಡನೆ ಹಾರಿ ಹೋಗುತ್ತವೆ ಮಾರಾಯ್ತಿ, ನಾನು ಇಲ್ಲಿ ಬೇಸಿಗೆ ಕಳೆಯಬೇಕು.

ಮುಂದಿನ ವಾರ ಸಭಾಪಾಲಕರಿಗೆ ಇದ್ದದ್ದನ್ನು ಇದ್ದಂತೆ ಹೇಳಿದೆ. ಒಳ್ಳೆಯ ಮನುಷ್ಯ, ಬೆಟಗೇರಿಯವರೇ. ಬೈಯಲಿಲ್ಲ. ಆದರೆ ಕಟ್ಟೆ ಬಿಡಿ, ಆ ಓಣಿಯೇ ಬಿಟ್ಟು ಗದಗಿನಲ್ಲಿ ಮನೆ ಮಾಡಿ ಎಂದರು. ಯೋಸೇಫನು ಧಣಿಯ ಹೆಂಡತಿ ಬಟ್ಟೆ ಹಿಡಿದು ಸೆಳೆದಾಗ ಆ ಶೋಧನೆಯ ಜೊತೆ ವಾದ ಮಾಡುತ್ತ ಕೂರಲಿಲ್ಲ, ಬಟ್ಟೆ ಬಿಟ್ಟು ಓಡಿದ ಎಂದು ನೆನಪಿಸಿದರು. ಮೂಲ್ಕಿಯಿಂದ ನನ್ನ ಅಕ್ಕ ಕೂಡ ಫೋನಿನಲ್ಲಿ ಇದನ್ನೇ ಹೇಳಿದ್ದಳು, ಇಷ್ಟು ನಯವಾಗಿ ಅಲ್ಲ.

ನಾನು ಒಪ್ಪಲಿಲ್ಲ. ನೆಗಡಿಯಾಯಿತೆಂದು ಮೂಗು ಕೊಯ್ದುಕೊಳ್ಳುತ್ತಾರೆಯೇ? ಕಟ್ಟೆಯ ಹೆಂಗಸರು ಶೋಧನೆಯಲ್ಲ, ಡಬ್ಬಿ ಶೋಧನೆ. ಯೋಸೇಫನ ಕಥೆ ಅವರು ಹೇಳಿದರೆ ನಾನು ದಾನಿಯೇಲನ ಕಥೆ ಹೇಳಿದೆ. ಅವನೂ ನನ್ನ ಹಾಗೆ ಊರು ಬಿಟ್ಟು ಬಂದವನು. ಬಾಬೆಲಿನ ಭಾಷೆ ಕಲಿತ, ಅವರಿಟ್ಟ ಹೆಸರಿಗೆ ಓಗೊಟ್ಟ, ಅವರ ಅರಮನೆಯಲ್ಲೇ ಕೆಲಸ ಮಾಡಿದ. ಆದರೆ ರಾಜನ ಊಟ ಮಾತ್ರ ಮುಟ್ಟಲಿಲ್ಲ, ನನಗೆ ಕಾಯಿಪಲ್ಯ ಕೊಡಿ ಎಂದ. ಊರು ಬಿಟ್ಟು ಓಡಲಿಲ್ಲ. ನಾನು ಕಟ್ಟೆಯಲ್ಲೇ ಕೂತು ಬಿಡುತ್ತೇನೆ ಎಂದೆ. ಸಭಾಪಾಲಕರು ನಕ್ಕು, “ದಾನಿಯೇಲಗ ಸಿಂಹದ ಗವಿನೂ ಸಿಕ್ಕಿತ್ತು, ನೆನಪಿರ್ಲಿ ಲಿಲ್ಲಿಯವರ” ಎಂದು ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು.

ಗವಿ ನಾನೆಣಿಸಿದ ಕಡೆ ಇರಲಿಲ್ಲ. ಮೈ ನಡುಗುತ್ತದೆ, ತಲೆ ಸಿಡಿಯುತ್ತದೆ ಎಂದು ಗೊತ್ತಿತ್ತು, ಅದಕ್ಕೆ ತಯಾರಾಗಿದ್ದೆ. ಒಂದು ಪೊಟ್ಟಣ ಬಡೇಸೋಪು, ಅಂದರೆ ನಮ್ಮ ಸೋಂಪು, ಸೊಂಟಕ್ಕೆ ಸಿಕ್ಕಿಸಿಕೊಂಡು ಕಟ್ಟೆಗೆ ಹೋದೆ. ಡಬ್ಬಿ ಸುತ್ತಿ ನನ್ನ ಹತ್ತಿರ ಬಂತು. ಹಿಡಿದವರು ಆಪಾ. ನಾನು ಬೇಡವೆಂದು ತಲೆಯಾಡಿಸಿದೆ. ಹೊಟ್ಟೆ ಸರಿಯಿಲ್ಲವೇ ಎಂದು ಕೇಳಿದರು. ಸರಿಯಿದೆ, ನಾನು ಪ್ರಾರ್ಥನೆ ಮಾಡಿ ಇದನ್ನು ಬಿಟ್ಟಿದ್ದೇನೆ ಎಂದೆ. ನನ್ನ ಲೆಕ್ಕದಲ್ಲಿ ಅಷ್ಟು ಹೇಳಿದರೆ ಮುಗಿಯಿತು. ಕರಾವಳಿಯಲ್ಲಾದರೆ ‘ಹೌದಾ, ಒಳ್ಳೆಯದಾಯಿತು’ ಎಂದು ಮುಗಿದೇಹೋಗುತ್ತಿತ್ತು.

ಇಲ್ಲಿ ನಾಲ್ಕೂ ಸೂಜಿ ನಿಂತವು. ನೀಲವ್ವ ನೆಗೆಣ್ಣಿಯ ಮುಖ ನೋಡಿದಳು. “ಬೆಟಗೇರಿ ಪಾದ್ರಿ ಹೇಳಿರಬೇಕು, ಇವರ ಕೈಯಂದು ಮುಟ್ಟಬ್ಯಾಡ ಅಂತ” ಎಂದು ನನಗೆ ಕೇಳುವಂತೆಯೇ ಹೇಳಿದಳು. ಹಾಗಲ್ಲ ಎಂದು ನನ್ನ ರೇಡಿಯೋ ಕನ್ನಡದಲ್ಲಿ ತಡವರಿಸಿದೆ. ಆಪಾ ಡಬ್ಬಿ ಮುಚ್ಚಿ ಮಡಿಲಲ್ಲಿ ಇಟ್ಟುಕೊಂಡು, ನನ್ನ ಕೈಯಿಂದ ಸೂಜಿ ತೆಗೆದುಕೊಂಡರು. ಮರುದಿನ ನನ್ನ ಮೂಲೆಯಲ್ಲಿ ಹಿಂದಿನ ಓಣಿಯ ಒಬ್ಬಳು ಕೂತಿದ್ದಳು.

ನಾನು ಎಂಥ ಮೂರ್ಖಳು ಎಂದರೆ, ಆ ಡಬ್ಬಿಯನ್ನು ಬೇಡವೆನ್ನುವುದಕ್ಕೆ ಇಲ್ಲಿ ಏನು ಅರ್ಥವೆಂದು ಗೊತ್ತಿದ್ದೂ, ಅದನ್ನು ದೇವರ ಹೆಸರು ಹೇಳಿ ಬೇಡವೆಂದಿದ್ದೆ. ಯಾವ ಕೈ ನನ್ನ ವಸಡಿಗೆ ತಿಕ್ಕಿ ನನ್ನನ್ನು ಓಣಿಯವಳನ್ನಾಗಿ ಮಾಡಿತೋ, ಆ ಕೈ ಮೈಲಿಗೆ ಎಂದು ಹೇಳಿದಂತಾಗಿತ್ತು. ತಪಕೀರು ತಿಕ್ಕಿದರೆ ಎಲ್ಲವೂ ಒಂದೇ ಕ್ಷಣದಲ್ಲಿ ಸರಿಹೋಗುತ್ತಿತ್ತು. ಒಂದೇ ಚಿಟಿಕೆ. ಪುಡಿಯ ಆಸೆಗಿಂತ ಈ ಆಸೆ ಹತ್ತು ಪಾಲು ಜೋರಾಗಿತ್ತು.

ಆದರೂ ದಿನಾ ಹೋಗಿ ಕೂತೆ. ಮೂಲೆ ಇಲ್ಲದಿದ್ದರೆ ಕಟ್ಟೆಯ ಅಂಚು ಇದೆಯಲ್ಲ. ಅವರು ನನ್ನ ಜೊತೆ ಮಾತಾಡಲಿಲ್ಲ, ಏಳು ಎಂದೂ ಹೇಳಲಿಲ್ಲ. ನಾನು ಬಡೇಸೋಪು ಅಗಿಯುತ್ತ ಸುಮ್ಮನೆ ಕೂತಿರುತ್ತಿದ್ದೆ. ಮನೆಗೆ ಬಂದು ಗಂಡನ ಮೇಲೆ ಎಗರಾಡುತ್ತಿದ್ದೆ. ಪಾಪ, ಅವರು ಬೀಜದ ಚೀಲದ ಹಾಗೆ ಒಂದು ಕಡೆ ಕೂತು ಕೇಳಿಸಿಕೊಳ್ಳುತ್ತಿದ್ದರು. ನನ್ನ ಪ್ರಾರ್ಥನೆಗಳೂ ಆಗ ಸಭ್ಯವಾಗಿರಲಿಲ್ಲ. ಕರ್ತನೇ, ಈ ಊರಿಗೆ ತಂದವನು ನೀನು, ಕಟ್ಟೆ ಕೊಟ್ಟವನು ನೀನು, ಈಗ ಬರಿಗೈಯಲ್ಲಿ ಕೂರಿಸಿದವನೂ ನೀನೇ, ಏನು ಮಾಡುತ್ತೀಯೋ ಮಾಡು, ನಾನಂತೂ ಏಳುವುದಿಲ್ಲ ಎಂದು ಜಗಳವಾಡುತ್ತಿದ್ದೆ. ನಡುವೆ ಒಮ್ಮೆ ಸೋತೂ ಹೋದೆ. ಅಂಗಡಿಗೆ ಹೋಗಿ ಕೊಂಡು ತಂದು, ಬಚ್ಚಲಲ್ಲಿ ನಿಂತು ತಿಕ್ಕಿಕೊಂಡೆ. ನೀತಿವಂತ ಏಳು ಸಲ ಬಿದ್ದರೂ ಏಳುತ್ತಾನೆ ಎಂಬ ಭರವಸೆ ಸತ್ಯವೇದದಲ್ಲಿದೆ. ಬಾಯಿ ತೊಳೆದು, ಇನ್ನೂ ಬಾಕಿ ಇದೆ ಎಂದು ಎದ್ದೆ.

ಆ ಸೋಲಿನ ಮರುದಿನ ನನಗೆ ಒಂದು ಬುದ್ಧಿ ಬಂತು. ಮಾತಿನಿಂದ ಕೆಟ್ಟದ್ದನ್ನು ಮಾತಿನಿಂದ ಸರಿಮಾಡಲು ನನ್ನ ಕನ್ನಡ ಸಾಲದು. ಮಧ್ಯಾಹ್ನ ಆಪಾ ಊಟಕ್ಕೆ ಕೂರುವ ಹೊತ್ತಿಗೆ ಸರಿಯಾಗಿ, ಬಾಗಿಲು ತಟ್ಟದೆ, ಈ ಊರಿನವರು ಮಾಡುವ ಹಾಗೆಯೇ ಒಳಗೆ ನುಗ್ಗಿದೆ. ಅವರ ಎದುರು ನೆಲದ ಮೇಲೆ ಕೂತು, “ಆಪಾ, ಹಸಿವಾಗೇತ್ರಿ, ರೊಟ್ಟಿ ಹಾಕ್ರಿ” ಎಂದೆ.

ಅವರು ನನ್ನನ್ನೇ ನೋಡಿದರು. ಬೇರೆ ತಾಟು ತರಲು ಏಳಹೋದರು. ನಾನು ಕೈ ಹಿಡಿದು ಕೂರಿಸಿ, ಅವರ ತಾಟಿನಿಂದಲೇ, ಅವರು ಮುರಿದಿಟ್ಟ ರೊಟ್ಟಿಯನ್ನು ಬದನೆಕಾಯಿ ಪಲ್ಯಕ್ಕೆ ಅದ್ದಿ ತಿಂದೆ. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರಕ್ಕೆ ಮಾತ್ರ ಅಲ್ಲ.

“ನಿಮ್ಮ ಕೈಯಂದು ಬ್ಯಾಡ ಅಂದಿಲ್ರಿ ನಾ” ಎಂದೆ. “ಆ ಪುಡಿ ನನಗ ಧಣಿ ಆಗಿ ಕುಂತಿತ್ತು. ದೇವರ ಮುಂದ ಹೋಗಾಕ ಬಿಡವಲ್ಲದಾಗಿತ್ತು. ನನಗ ಒಬ್ಬನs ಧಣಿ ಸಾಕು.”

ಆಪಾ ಇನ್ನೊಂದು ರೊಟ್ಟಿ ಮುರಿದು ನನ್ನ ಕಡೆಗೆ ಸರಿಸಿದರು. “ರಮಜಾನದಾಗ ನಾನೂ ಹಗಲೆಲ್ಲಾ ಇದನ್ನ ಮುಟ್ಟಂಗಿಲ್ಲ” ಎಂದರು. “ಡಬ್ಬಿ ಎದುರಿಗೇ ಇರತೈತಿ. ಕೈ ಹೋಗಂಗಿಲ್ಲ, ಅಲ್ಲಾ ನೋಡಾಕತ್ತಾನ ಅಂತ. ಹಂಗಂದ್ರ ನೀ ರೋಜಾ ಹಿಡದೀ. ಅಷ್ಟ ಹೇಳಬಾರದಿತ್ತೇನ ಹುಚ್ಚಿ?”

ರೋಜಾ ಎಂದರೆ ಅವರ ಉಪವಾಸ. ಅಷ್ಟು ದಿನ ನನಗೆ ಸಿಗದೆ ಇದ್ದ ಮಾತು ಅವರ ಬಾಯಲ್ಲಿ ಸಿದ್ಧವಾಗಿತ್ತು. ತಟ್ಟನೆ ಎದ್ದು, ಕೈ ತೊಳೆದು, ನನ್ನ ರಟ್ಟೆ ಹಿಡಿದು ಕಟ್ಟೆಗೆ ಕರೆದುಕೊಂಡು ಹೋದರು. “ಲಿಲ್ಲವ್ವ ತಪಕೀರಿನ ರೋಜಾ ಹಿಡದಾಳ. ಡಬ್ಬಿ ಆಕೀ ಮುಂದ ಯಾರೂ ಹಿಡೀಬ್ಯಾಡ್ರಿ” ಎಂದು ಇಡೀ ಓಣಿಗೆ ಕೇಳುವಂತೆ ಸಾರಿದರು. ರೋಜಾ ಹಿಡಿದವರನ್ನು ಒತ್ತಾಯ ಮಾಡುವವರು ಈ ಊರಲ್ಲಿ ಯಾರೂ ಇಲ್ಲ, ಯಾವ ಜಾತಿಯವರೂ ಮಾಡುವುದಿಲ್ಲ. ನೀಲವ್ವ ಮಾತ್ರ, ಈ ರೋಜಾ ಬಿಡುವುದು ಯಾವಾಗ, ಚಂದ್ರ ಕಂಡಾಗಲೋ ಎಂದು ಕೇಳಿ ತನ್ನ ಜಾಗದಲ್ಲಿ ಸರಿದು ಕೂತಳು. ಹಿಂದಿನ ಓಣಿಯವಳು ನಗುತ್ತ ಎದ್ದಳು. ಸೂಜಿ ನನ್ನ ಕೈಗೆ ವಾಪಸು ಬಂತು. ಅಂದಿನಿಂದ ಡಬ್ಬಿ ಮೂರು ಮೂಲೆ ಸುತ್ತಿ, ನಾಲ್ಕನೆಯದನ್ನು ದಾಟಿ ಹೋಗುತ್ತದೆ.

ಇದನ್ನು ಕೇಳಿ ಮೂಲ್ಕಿಯಲ್ಲಿ ಒಂದಿಬ್ಬರು ಮುಖ ಸಿಂಡರಿಸಿದರು. ಕ್ರಿಸ್ತನ ಹೆಸರಿನಲ್ಲಿ ಬಿಟ್ಟದ್ದಕ್ಕೆ ರೋಜಾ ಎಂದು ಕರೆಸಿಕೊಳ್ಳುತ್ತೀಯಲ್ಲ ಎಂದರು. ಕರೆಸಿಕೊಳ್ಳುತ್ತೇನೆ. ನಾನು ಯಾರ ಹೆಸರಿನಲ್ಲಿ ಬಿಟ್ಟೆನೆಂದು ಆಪಾನಿಗೂ ಗೊತ್ತು, ನನಗೂ ಗೊತ್ತು, ಆತನಿಗೂ ಗೊತ್ತು. ನನ್ನ ಸುತ್ತ ಬೇಲಿ ಕಟ್ಟಿಕೊಟ್ಟವಳ ಭಾಷೆಯನ್ನು ನಾನು ತಿದ್ದುತ್ತ ಕೂರುವುದಿಲ್ಲ.

ಈಚೆಗೆ ಅಕ್ಕನ ಮಗಳ ಮದುವೆಗೆ ಮೂಲ್ಕಿಗೆ ಬಂದಿದ್ದೆ. ನಿಮ್ಮಲ್ಲಿ ಕೆಲವರು ನೋಡಿದ್ದೀರಿ. ಎಷ್ಟು ಸಮಯದ ಮೇಲೆ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು, ಕಿವಿ ತುಂಬ ತುಳು. ನಾನು ನಿಜಕ್ಕೂ ಹಾಯಾಗಿದ್ದೆ. ಗೆದ್ದೆನೆಂದು ಜಂಬವೂ ಇತ್ತು ಅನ್ನಿ. ಊಟವಾದ ಮೇಲೆ ಚಿಕ್ಕಮ್ಮ ವೀಳ್ಯದ ತಟ್ಟೆ ತಂದರು. ಎಲೆ, ಅಡಿಕೆ, ಸುಣ್ಣ, ಒಂದು ಬದಿಗೆ ಕತ್ತರಿಸಿಟ್ಟ ಹೊಗೆಸೊಪ್ಪು. ಆ ವಾಸನೆ ಮೂಗಿಗೆ ಬಡಿದದ್ದೇ ವಸಡಿನಿಂದ ನೆತ್ತಿಯವರೆಗೆ ಜುಮ್ಮೆಂದಿತು. ಕೈ ನನ್ನನ್ನು ಕೇಳದೆಯೇ ಮುಂದೆ ಹೋಯಿತು.

ಲಕ್ಷ್ಮೇಶ್ವರದಲ್ಲಿ ಇಡೀ ಓಣಿ ನನ್ನ ಕಾವಲಿಗಿತ್ತು. ಇಲ್ಲಿ ನನ್ನದೇ ಸಭೆಯವರು, ನನ್ನದೇ ರಕ್ತದವರು, ಮದುವೆ ಮನೆಯಲ್ಲಿ ಒಂದು ಚೂರು ಹಾಕಿಕೊಂಡರೆ ಏನಾಗುತ್ತದೆ ಎನ್ನುವವರು. ಚಿಕ್ಕಮ್ಮ ಪ್ರೀತಿಯಿಂದ ಎಲೆಗೆ ಸುಣ್ಣ ಹಚ್ಚತೊಡಗಿದ್ದರು. ಒಂದು ನಿಮಿಷ ಬಂದೆ ಎಂದು ಹೇಳಿ, ಫೋನು ಹಿಡಿದು ಬಾವಿಕಟ್ಟೆಯ ಹತ್ತಿರ ಹೋದೆ. ಕರ್ತನನ್ನು ಕರೆದೆ. ಆಮೇಲೆ ಆಪಾನಿಗೆ ಫೋನು ಮಾಡಿದೆ.

“ಕೈ ತಾನs ಮುಂದ ಹೋಗಾಕತ್ತೈತ್ರಿ ಆಪಾ” ಎಂದೆ.

ಅವರು ಯಾಕೆ, ಏನು ಎಂದು ಕೇಳಲಿಲ್ಲ. ಹಿಂದಿನಿಂದ ನೀಲವ್ವನ ನಗು, ಬೇವಿನ ಮರದ ಕಾಗೆ ಕೇಳಿಸುತ್ತಿದ್ದವು. “ಬಡೇಸೋಪು ಐತೇನ? ಬಾಯಾಗ ಹಾಕ್ಕೋ” ಎಂದರು. “ಹೊಸಾ ಕೌದಿ ಹಚ್ಚೇವಿ. ಮೂರು ಕಡಿಂದ ನಡುತನಕ ಬಂದೇವಿ. ನಿನ್ನ ಮೂಲಿ ಹಂಗs ಬಿಟ್ಟೇವಿ, ಯಾರನೂ ಕುಂಡ್ರಿಸಿಲ್ಲ. ರೋಜಾ ಮುರಕೊಂಡು ಬರಬ್ಯಾಡ. ಜಲ್ದಿ ಊರಿಗೆ ಬಾ.”

ಬಡೇಸೋಪು ಬಾಯಿಗೆ ಹಾಕಿಕೊಂಡು, ಕಣ್ಣು ಒರೆಸಿಕೊಂಡು ಒಳಗೆ ಬಂದೆ. ಚಿಕ್ಕಮ್ಮ ಎಲೆ ಮಡಚಿ ಹಿಡಿದುಕೊಂಡೇ ಕೂತಿದ್ದರು. ಅದನ್ನು ತೆಗೆದುಕೊಂಡು, ಬಿಚ್ಚಿ, ಹೊಗೆಸೊಪ್ಪನ್ನು ತಟ್ಟೆಗೆ ವಾಪಸು ಹಾಕಿದೆ. ಬರೀ ಎಲೆ ಅಡಿಕೆ ಬಾಯಿಗಿಟ್ಟುಕೊಂಡೆ. ಅವರು ಯಾರದು ಫೋನು ಎಂದು ಮಾತ್ರ ಕೇಳಿದರು.

ಊರಿನಿಂದ ಎಂದೆ.

ಚಿಕ್ಕಮ್ಮ ನನ್ನ ಮುಖವನ್ನೇ ನೋಡಿದರು. ಹಾಗಾದರೆ ಇದು ಯಾವ ಊರು ಮಗಳೇ ಎಂದು ಕೇಳಿದರು. ಇದೂ ಊರೇ ಎಂದೆ. ಮಂಗಳವಾರದ ಬಸ್ಸಿಗೆ ಟಿಕೇಟು ಆಗಿದೆ, ನಾಳೆ ಹೊರಡಬೇಕು ಎಂದೂ ಹೇಳಿದೆ.